ಎಮ್ಯುಲೇಟರ್ ಏಳದಿದ್ದದ್ದು ಯಾರ ತಪ್ಪು

"ಕನ್ನಡ ಮೀಡಿಯಂನೋರಿಗೆ ಎಮ್ಯುಲೇಟರ್ ಏಳಲ್ಲ" ಎಂದು ನಮ್ಮ ಟ್ರೈನರ್ ಒಂದು ಸೋಮವಾರ ಬೆಳಿಗ್ಗೆ ತೀರ್ಪು ಕೊಟ್ಟರು. ತಮಾಷೆಗೆ ಹೇಳಿದ್ದಲ್ಲ. ಬಾಗಿಲಿನಿಂದ ಬೋರ್ಡಿನ ತನಕ ಒಮ್ಮೆ ನಡೆದು, ಯಾರ ಪರದೆಯ ಮೇಲೆ ಏನಿದೆ ಎಂದು ನೋಡಿ, ಹವಾಮಾನ ವರದಿ ಓದುವವರಷ್ಟು ತಣ್ಣಗೆ ಹೇಳಿದ ಮಾತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೈಕ್ ಹಿಡಿದು ಬೆಳೆದವಳು ನಾನು. ಎದುರಿನವರು ತಪ್ಪು ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ಕಾರಣ ಕೊಡದೆ ಹೇಳಿದರೆ ಬರುತ್ತದೆ. ಅವತ್ತು ಬಂದ ಸಿಟ್ಟು ಇದನ್ನು ಬರೆಯುವಾಗಲೂ ಇಳಿದಿಲ್ಲ.

ಇದು ನಡೆದದ್ದು ದೇವನಹಳ್ಳಿಯಲ್ಲಿ. ವಿಮಾನ ನಿಲ್ದಾಣ ಬಂದು, ದ್ರಾಕ್ಷಿ ತೋಟಗಳಿದ್ದ ಕಡೆ ಹೋಟೆಲು, ಲೇಔಟುಗಳು ಎದ್ದ ಮೇಲೆ, ಸುತ್ತಲಿನ ಹಳ್ಳಿಯವರಿಗೂ ಏನಾದರೂ ಕಲಿಸಿಬಿಡಬೇಕು ಎಂದು ಹಲವು ಪುಣ್ಯಾತ್ಮರಿಗೆ ಅನ್ನಿಸತೊಡಗಿತು. ಹಾಗೆ ಅನ್ನಿಸಿದ ಯಾರೋ ಕೊಟ್ಟ ದೇಣಿಗೆಯಲ್ಲಿ ಹುಟ್ಟಿದ್ದು ನಮ್ಮ ತರಬೇತಿ ಕೇಂದ್ರ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ, ಒಂದು ಹಾಲ್, ಗೋಡೆಯುದ್ದಕ್ಕೂ ಬೇರೆ ಯಾವುದೋ ಆಫೀಸು ಬಳಸಿ ಬಿಟ್ಟ ಕಂಪ್ಯೂಟರುಗಳು. ಕಲಿಸುವುದು ಮೊಬೈಲ್ ಆ್ಯಪ್ ಮಾಡುವುದನ್ನು. ಮೊಬೈಲನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟು, ಎಲ್ಲರ ಫೋನನ್ನೂ ಅದಕ್ಕೆ ಹಾಕಿಸಿಕೊಳ್ಳುತ್ತಿದ್ದರು. ಈಜು ಕಲಿಸುವವರು ನೀರಿಗೆ ಬೀಗ ಹಾಕಿದ ಹಾಗೆ.

ಹಾಗಾಗಿ ನಮಗಿದ್ದ ಒಂದೇ ಗತಿ ಎಮ್ಯುಲೇಟರ್. ಅಂದರೆ ಕಂಪ್ಯೂಟರಿನ ಪರದೆಯೊಳಗೆ ಮೂಡುವ ಸುಳ್ಳು ಫೋನು. ನಾವು ಬರೆದ ಆ್ಯಪ್ ಅದರಲ್ಲಿ ಓಡಿದರೆ ಓಡಿತು, ಇಲ್ಲದಿದ್ದರೆ ಇಲ್ಲ. ಆ ಸೋಮವಾರ ಕಿಟಕಿ ಪಕ್ಕದ ಸಾಲಿನಲ್ಲಿ ಸುಳ್ಳು ಫೋನುಗಳು ಒಂದೊಂದಾಗಿ ಎದ್ದು ಬೆಳಗಿದವು. ಅಲ್ಲಿ ಕೂರುತ್ತಿದ್ದವರು ಹೊಸ ಲೇಔಟುಗಳ ಮಕ್ಕಳು, ಇಂಗ್ಲಿಷ್ ಮೀಡಿಯಂನವರು. ನಾವು, ಹಳ್ಳಿ ಶಾಲೆಗಳಿಂದ ಬಂದವರು, ಗೋಡೆ ಪಕ್ಕದ ಸಾಲಿನಲ್ಲಿದ್ದೆವು. ನಮ್ಮ ಪರದೆಗಳ ಮೇಲೆ ಒಂದು ಬಿಳಿ ಚೌಕ ತೆರೆದು, ಎಮ್ಯುಲೇಟರ್ ನಿಂತುಹೋಯಿತು ಎಂದು ಹೇಳಿ ಮುಚ್ಚಿಕೊಳ್ಳುತ್ತಿತ್ತು.

ಟ್ರೈನರ್ ಕಣ್ಣಿಗೆ ಕಂಡದ್ದು ಅಷ್ಟೇ: ಆ ಸಾಲು ಎದ್ದಿತು, ಈ ಸಾಲು ಬಿತ್ತು. ಮಿಕ್ಕಿದ್ದನ್ನು ಅವರ ತಲೆ ತಾನೇ ಜೋಡಿಸಿಕೊಂಡಿತು.

"ಇನ್‌ಸ್ಟಾಲ್ ಆಗೋವಾಗ ಏನ್ ಬರ್ದಿದೆ ಅಂತ ಓದಲ್ಲ ನೀವು. ಇಂಗ್ಲಿಷ್ ಅಂದ್ರೆ ಭಯ. ನೆಕ್ಸ್ಟು, ನೆಕ್ಸ್ಟು, ನೆಕ್ಸ್ಟು ಅಂತ ಒತ್ಕೊಂಡ್ ಹೋಗ್ತೀರ" ಅಂದರು.

"ಇನ್‌ಸ್ಟಾಲ್ ಮಾಡಿದ್ದು ನಾವಲ್ಲ ಸರ್. ಸೆಂಟರ್‌ನೋರು" ಅಂದೆ ನಾನು.

"ಎದುರುತ್ತರ ಒಂದ್ ಚೆನ್ನಾಗ್ ಬರುತ್ತೆ."

ಇದು ಉತ್ತರವಲ್ಲ. ಚರ್ಚಾಸ್ಪರ್ಧೆಯಲ್ಲಿ ಇಂಥದ್ದು ಹೇಳಿದರೆ ಗಂಟೆ ಹೊಡೆದು ಕೂರಿಸುತ್ತಾರೆ. ಆದರೆ ಇಲ್ಲಿ ಗಂಟೆಯೂ ಅವರ ಕೈಯಲ್ಲೇ ಇತ್ತು. ಶನಿವಾರ ದೇಣಿಗೆ ಕೊಟ್ಟವರ ಕಡೆಯಿಂದ ಅತಿಥಿಗಳು ಬರುವವರಿದ್ದರು. ಶುಕ್ರವಾರದೊಳಗೆ ಯಾರ ಎಮ್ಯುಲೇಟರ್ ಏಳುವುದಿಲ್ಲವೋ ಅವರನ್ನು ಡೇಟಾ ಎಂಟ್ರಿ ಬ್ಯಾಚಿಗೆ ಹಾಕುತ್ತೇವೆ ಎಂದು ಹೇಳಿ ಅವರು ಟೀ ಕುಡಿಯಲು ಇಳಿದುಹೋದರು.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಕ್ಕ ಕೂರುತ್ತಿದ್ದಳು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಒಂದು ಹಳ್ಳಿಗೆ ಸೊಸೆಯಾಗಿ ಬಂದವಳು. ಗಂಡ ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುತ್ತಿದ್ದ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಅವಳು ಮಾಡುತ್ತಿದ್ದ ಆ್ಯಪ್ ಕೂಡ ಹುಳುವಿನದ್ದೇ. ಹುಳು ಪೊರೆ ಬಿಡುವ ಮುಂಚೆ ಮೇಯುವುದು ನಿಲ್ಲಿಸಿ ತಲೆಯೆತ್ತಿ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ, ಆಗ ಸೊಪ್ಪು ಹಾಕಬಾರದು. ಯಾವ ಜ್ವರ ಯಾವಾಗ, ಎದ್ದ ಮೇಲೆ ಮೊದಲ ಸೊಪ್ಪು ಯಾವ ಹೊತ್ತಿಗೆ ಎಂದು ಕೂಗಿ ಎಬ್ಬಿಸುವ ಆ್ಯಪ್. ನಮ್ಮೆಲ್ಲರ ಪೈಕಿ ಯಾರಿಗಾದರೂ ಉಪಯೋಗಕ್ಕೆ ಬರುವಂಥದ್ದನ್ನು ಮಾಡುತ್ತಿದ್ದವಳು ಅವಳೊಬ್ಬಳೇ. ನಾನು ಮಾಡುತ್ತಿದ್ದದ್ದು ಕ್ಯಾಲ್ಕುಲೇಟರ್, ಜಗತ್ತಿಗೆ ಇನ್ನೊಂದು ಕ್ಯಾಲ್ಕುಲೇಟರ್.

ಟ್ರೈನರ್ ಇಳಿದುಹೋದ ಮೇಲೆ ಅವಳು ಇನ್ನೊಮ್ಮೆ ಒತ್ತಿ ನೋಡಿದಳು, ಮತ್ತೆ ಅದೇ ಬಿಳಿ ಚೌಕ.

"ಡೇಟಾ ಎಂಟ್ರಿಗ್ ಹಾಕುದ್ರೆ ಮುಗೀತು ಕಣಮ್ಮಿ" ಅಂದಳು.

"ಯಾಕಕ್ಕ?"

"ಟೈಪಿಂಗು ಮದ್ವೆಗ್ ಮುಂಚೇನೇ ಕಲ್ತಿದ್ದೀನಿ. ನಮ್ಮನೆಯೋರು ಹೇಳೇ ಕಳ್ಸಿದ್ದು, ಆ್ಯಪ್ ಅಂದ್ರೆ ಹೋಗು, ಕುಟ್ಟದ್ ಕಲಿಯಕ್ಕಾದ್ರೆ ಮನೇಲೇ ಇರು ಅಂತ. ನಮ್ಮತ್ತೆ ಒಬ್ರೇ ಸೊಪ್ಪು ಕುಯ್ತಾವ್ರೆ ನಾನಿಲ್ಲಿ ಕುಂತಿರೋ ಹೊತ್ತಿಗೆ. ಡೇಟಾ ಎಂಟ್ರಿ ಅಂತ ಯಾವ್ ಬಾಯಲ್ ಹೇಳ್ಲಿ?"

ಇದು ವಿಷಯ. ಒಬ್ಬ ಹೆಂಗಸು ಮನೆಯಲ್ಲಿ ಇನ್ನಿಲ್ಲದ ಮಾತು ಆಡಿ ಗಳಿಸಿಕೊಂಡ ಅರ್ಧ ದಿನ, ಯಾರೂ ಕಾರಣ ಹುಡುಕದ ಒಂದು ದೋಷದ ಮೇಲೆ ನಿಂತಿತ್ತು. ನಾನು ಹುಡುಕುತ್ತೇನೆ ಅಂದೆ. ನನಗೆ ಗೊತ್ತಿತ್ತು ಎಂದಲ್ಲ. ಗೊತ್ತಿಲ್ಲದೆ ತೀರ್ಪು ಕೊಡುವವರ ಮುಂದೆ ಸುಮ್ಮನೆ ಕೂರುವುದು ನನಗೆ ಆಗದು.

ಮೊದಲು ಎಲ್ಲರೂ ಹೇಳುವುದನ್ನೇ ಮಾಡಿದೆವು. ಆಫ್ ಮಾಡಿ ಆನ್ ಮಾಡಿದೆವು. ಸುಳ್ಳು ಫೋನನ್ನು ಅಳಿಸಿ ಮತ್ತೆ ಹುಟ್ಟಿಸಿದೆವು. ಆ್ಯಂಟಿವೈರಸ್ ನಿಲ್ಲಿಸಿ ನೋಡಿದೆವು. ಕಂಪ್ಯೂಟರ್ ಶುರುವಾಗುವಾಗಲೇ ತೆರೆದು ನೋಡಬೇಕಾದ ಒಂದು ಸೆಟ್ಟಿಂಗ್ ಇದೆ, ಅದು ಆಫ್ ಆಗಿದ್ದರೆ ಎಮ್ಯುಲೇಟರ್ ಏಳುವುದಿಲ್ಲ ಎಂದು ಎಲ್ಲೋ ಓದಿ ಅದನ್ನೂ ತೆರೆದು ನೋಡಿದೆ. ಅದು ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗೇ ಇತ್ತು. ಟ್ರೈನರ್ ಮಧ್ಯೆ ಮಧ್ಯೆ ಬಂದು "ರ‍್ಯಾಮ್ ಕಮ್ಮಿ ಇರ್ಬೇಕು" ಅನ್ನುತ್ತಿದ್ದರು. ಎರಡೂ ಸಾಲಿನಲ್ಲಿ ಒಂದೇ ರ‍್ಯಾಮ್ ಎಂದು ತೋರಿಸಿದರೆ, "ಅದಕ್ಕೇ ನಾನ್ ಹೇಳಿದ್ದು, ಮಷೀನಲ್ಲಿಲ್ಲ ಪ್ರಾಬ್ಲಂ" ಎಂದು ನನ್ನ ಸಾಕ್ಷಿಯನ್ನೇ ನನ್ನ ಮೇಲೆ ಎಸೆದು ಹೋಗುತ್ತಿದ್ದರು. ವಾದದ ಚಮತ್ಕಾರವೇನೋ ಚೆನ್ನಾಗಿತ್ತು. ಅದೇ ಬುದ್ಧಿಯನ್ನು ಎಮ್ಯುಲೇಟರಿನ ಮೇಲೆ ಖರ್ಚು ಮಾಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಗುರುವಾರ ನಾನು ಕಿಟಕಿ ಸಾಲಿನ ಒಬ್ಬ ಹುಡುಗನನ್ನು ಕರೆದೆ. ಲೇಔಟಿನವನು, ಒಳ್ಳೆಯವನು, ಯಾವಾಗಲೂ ಏನಾದರೂ ಜಗಿಯುತ್ತಿದ್ದ.

"ಗುರು, ಅಕ್ಕನ ಸೀಟಲ್ಲಿ ಕೂತ್ಕೊಂಡು ನೀನೇ ಎಮ್ಯುಲೇಟರ್ ಎಬ್ಬಿಸು."

"ಯಾಕೆ, ಬೆಟ್ ಕಟ್ತೀಯಾ?"

"ಪರೀಕ್ಷೆ. ನೀನು ಇಂಗ್ಲಿಷ್ ಮೀಡಿಯಂ ತಾನೇ? ನಿನ್ ಕೈಗೆ ಏಳುತ್ತೇನೋ ನೋಡೋಣ."

ಅವನು ಕೂತ. ಅಕ್ಕನ ಹೆಸರಿನ ಅಕೌಂಟಿನಲ್ಲೇ ಒತ್ತಿದ. ಬಿಳಿ ಚೌಕ ಬಂತು. ಇಂಗ್ಲಿಷಿನಲ್ಲಿ ಎರಡು ಬೈಗುಳ ಬೈದ, ಅದಕ್ಕೂ ಏಳಲಿಲ್ಲ. ಆಮೇಲೆ ಅಕ್ಕನನ್ನು ಅವನ ಕಂಪ್ಯೂಟರಿಗೆ ಕೂರಿಸಿದೆ. ಅವಳು ಒತ್ತಿದ ಕೂಡಲೇ ಸುಳ್ಳು ಫೋನು ಎದ್ದಿತು. ಅಲ್ಲಿಗೆ ಮೀಡಿಯಂ ವಾದ ಸತ್ತಿತು. ಆದರೆ ಕೆಟ್ಟಿರುವುದು ಕಂಪ್ಯೂಟರೇ ಇರಬಹುದಲ್ಲ? ಅದನ್ನೂ ಬಿಡಲಿಲ್ಲ. ಅಕ್ಕನ ಕಂಪ್ಯೂಟರಿನಲ್ಲಿ ಅವಳ ಅಕೌಂಟಿನಿಂದ ಹೊರಬಂದು, ಮೊದಲಿನಿಂದ ಇದ್ದ 'ಸ್ಟೂಡೆಂಟ್' ಎಂಬ ಹಳೇ ಅಕೌಂಟಿಗೆ ಹೋಗಿ ಒತ್ತಿದೆವು. ಎದ್ದಿತು. ಅದೇ ಕಂಪ್ಯೂಟರ್, ಅದೇ ಕುರ್ಚಿ, ಅದೇ ಕೈ. ಬದಲಾದದ್ದು ಅಕೌಂಟ್ ಒಂದೇ.

ಎಮ್ಯುಲೇಟರ್ ಬೀಳುವಾಗ ಬರೆದಿಡುವ ವರದಿಯನ್ನು ತೆರೆದೆ. ಅದರಲ್ಲಿ, ಸುಳ್ಳು ಫೋನನ್ನು ಹುಡುಕಿಕೊಂಡು ತಾನು ಯಾವ ಫೋಲ್ಡರಿನಿಂದ ಯಾವ ಫೋಲ್ಡರಿಗೆ ಹೋದೆ ಎಂದು ಅದು ಹೇಳಿತ್ತು. ದಾರಿಯಲ್ಲಿ ಅಕ್ಕನ ಹೆಸರು ಇರಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಒಂದರ ಪಕ್ಕ ಒಂದು.

ಆಗ ಹೊಳೆಯಿತು. ಹಿಂದಿನ ವಾರ ರಾಜ್ಯೋತ್ಸವ. ನಮ್ಮ ಕೇಂದ್ರದ ಮುಖ್ಯಸ್ಥರಿಗೆ ಒಂದು ಉಪಾಯ ಹೊಳೆದಿತ್ತು: ಹಳದಿ ಕೆಂಪು ಬಾವುಟ, ಕೇಸರಿಬಾತು ಎಲ್ಲ ಮಾಮೂಲು, ಈ ಸಲ ಕಂಪ್ಯೂಟರಿಗೂ ಕನ್ನಡ. ಬಂದವರಿಗೆಲ್ಲ ಅವರವರ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಟ್ಟು ಹೊಸ ಅಕೌಂಟ್ ಮಾಡಿಸಿ, ಪರದೆಯ ಮೇಲೆ ಹೆಸರು ಕಾಣುವ ಹಾಗೆ ನಿಲ್ಲಿಸಿ ಫೋಟೊ ತೆಗೆಸಿದರು. ನಾವು ಹಳ್ಳಿಯವರು, ಕರೆದರು ಅಂತ ಹೊಸ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ಲೇಔಟಿನವರು ರಜೆ ಅಂತ ಮಲಗಿದ್ದರು. ಅವರಿಗೆ ಹಳೇ 'ಸ್ಟೂಡೆಂಟ್' ಅಕೌಂಟೇ ಉಳಿಯಿತು. ಎಮ್ಯುಲೇಟರ್ ಪಾಠ ಶುರುವಾದದ್ದು ಅದಾದ ಮೇಲೆ. ಸುಳ್ಳು ಫೋನು ಇರುವುದು ಅವರವರ ಹೆಸರಿನ ಫೋಲ್ಡರಿನೊಳಗೆ. ಆ ಎಮ್ಯುಲೇಟರಿಗೆ ಕನ್ನಡ ಅಕ್ಷರ ಓದಲು ಬರದು, ಹೆಸರಿನ ಹತ್ತಿರ ಬಂದು ದಾರಿ ತಪ್ಪಿಸಿಕೊಳ್ಳುತ್ತದೆ. ಹಬ್ಬಕ್ಕೆ ಹೋದವರು ಫೇಲು, ಮಲಗಿದ್ದವರು ಪಾಸು.

ನನಗೆ ಆಗ ಬಂದ ಕೋಪ ಎರಡು ಕಡೆಗಿತ್ತು. ಇಷ್ಟು ಕೋಟಿ ಜನ ಬರೆಯುವ ಲಿಪಿಯನ್ನು ದಾರಿಯಲ್ಲಿ ಬಿದ್ದ ಕಲ್ಲಿನಂತೆ ಎಡವುವ ತಂತ್ರಾಂಶವನ್ನು ಯಾರು ಬರೆದರೋ, ಅವರ ಮೇಲೆ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಇನ್ಯಾವುದೋ ದೇಶದವನೊಬ್ಬ ಇದನ್ನೇ ಕೇಳಿದ್ದ. ಅವನ ಹೆಸರಿನ ಒಂದು ಅಕ್ಷರದ ತಲೆಯ ಮೇಲೆ ಎರಡು ಚುಕ್ಕೆ ಇದ್ದವು, ಅಷ್ಟೇ ಅವನ ಅಪರಾಧ. ಅವನಿಗೆ ಸಿಕ್ಕ ಮೊದಲ ಉತ್ತರ: ನಿನ್ನ ಹೆಸರು ಬದಲಾಯಿಸಿಕೋ. ಇನ್ನೊಂದು ಕೋಪ, ಕನ್ನಡವನ್ನು ಫೋಟೊಗೆ ಮಾತ್ರ ನಿಲ್ಲಿಸಿ, ಅದು ಕೆಲಸಕ್ಕೆ ಕೂತಾಗ ಏನಾಗುತ್ತದೆ ಎಂದು ಒಮ್ಮೆಯೂ ನೋಡದವರ ಮೇಲೆ.

ಮುಖ್ಯಸ್ಥರ ಕೋಣೆಗೆ ನಾನೂ ಅಕ್ಕನೂ ಹೋದೆವು. ಟ್ರೈನರ್ ಅಲ್ಲೇ ಇದ್ದರು. ನಾನು ಎಲ್ಲವನ್ನೂ ಹೇಳಿದೆ, ಕುರ್ಚಿ ಬದಲಾಯಿಸಿದ್ದರಿಂದ ವರದಿಯ ತನಕ.

ಮುಖ್ಯಸ್ಥರು ಬಾಗಿಲ ಕಡೆ ನೋಡಿ, "ಕನ್ನಡದಿಂದ ಕೆಡ್ತು ಅಂತೀಯೇನಮ್ಮಾ? ಇದನ್ನ ಆಚೆ ಗೀಚೆ ಹೇಳ್ಬೇಡ" ಅಂದರು.

"ಕನ್ನಡದಿಂದ ಕೆಡ್ಲಿಲ್ಲ ಸರ್. ಕನ್ನಡ ಬರದೇ ಇರೋದ್ರಿಂದ ಕೆಡ್ತು. ಎಮ್ಯುಲೇಟರಿಗೆ."

"ಸರಿ ಬಿಡು, ಸಿಂಪಲ್ಲು" ಅಂದರು ಟ್ರೈನರ್. "ಇವತ್ ಸಾಯಂಕಾಲ ಆ ಕನ್ನಡ ಅಕೌಂಟ್‌ಗಳನ್ನೆಲ್ಲ ಡಿಲೀಟ್ ಹೊಡ್ದು, ಇಂಗ್ಲಿಷಲ್ಲಿ ಹೊಸದು ಮಾಡ್ಬಿಡ್ತೀನಿ."

ನನ್ನ ಪಕ್ಕದಲ್ಲಿದ್ದ ಅಕ್ಕ, "ನಮ್ ಪ್ರಾಜೆಕ್ಟೆಲ್ಲಾ ಅದ್ರೊಳ್ಗೇ ಐತಲ್ಲ ಸಾರ್" ಅಂದಳು.

ದೋಷವನ್ನು ಅಳಿಸುವ ಉತ್ಸಾಹದಲ್ಲಿ ನಮ್ಮ ಕೆಲಸವನ್ನೇ ಅಳಿಸಲು ಹೊರಟಿದ್ದವರು ನಮಗೆ ಓದಿ ಒತ್ತಿ ಎಂದು ಬುದ್ಧಿ ಹೇಳಿದವರು. ಅದನ್ನು ಹಾಗೇ ಹೇಳಿದೆ.

ಅಳಿಸುವುದು ಬೇಕಿರಲಿಲ್ಲ. ಆ ಚುಕ್ಕೆ ಹೆಸರಿನವನಿಗೆ ಬಂದ ಉತ್ತರಗಳಲ್ಲಿ ಕೊನೆಯದು ಒಬ್ಬ ಮರ್ಯಾದಸ್ಥರದ್ದು. ಸುಳ್ಳು ಫೋನನ್ನು ಹೆಸರಿನ ಫೋಲ್ಡರಿನಿಂದ ಹೊರಗೆ, ಬೇರೊಂದು ಜಾಗದಲ್ಲಿಡು. ಸಿಸ್ಟಂ ಸೆಟ್ಟಿಂಗಿನಲ್ಲಿ ಒಂದು ಸಾಲು ಬರೆದು ಎಮ್ಯುಲೇಟರಿಗೆ ಆ ಜಾಗ ಹೇಳು. ಹೆಸರು ಇದ್ದ ಹಾಗೇ ಇರಲಿ. ಅಕ್ಕನ ಕಂಪ್ಯೂಟರಿನಲ್ಲಿ ಹಾಗೇ ಮಾಡಿ ಒಮ್ಮೆ ಆಫ್ ಮಾಡಿ ಆನ್ ಮಾಡಿದೆವು. ಕಪ್ಪು ಪರದೆ ಬಂತು, ಹಾಗೇ ಸುಮಾರು ಹೊತ್ತು ಇತ್ತು, ಆಮೇಲೆ ಸುಳ್ಳು ಫೋನು ಬೆಳಗಿತು. ಅಕ್ಕ ತನ್ನ ಆ್ಯಪ್ ಓಡಿಸಿದಳು. 'ಎರಡನೇ ಜ್ವರ ಬಿಟ್ಟಿದೆ, ಸೊಪ್ಪು ಹಾಕಿ' ಎಂದು ಬಂತು. ಅವಳು ಅದನ್ನು ಮುಚ್ಚಿ ಮತ್ತೆ ತೆರೆದಳು, ಇನ್ನೊಮ್ಮೆ ಮುಚ್ಚಿ ತೆರೆದಳು. ಶುಕ್ರವಾರ ಗೋಡೆ ಸಾಲಿಗೆಲ್ಲ ಅದನ್ನೇ ಮಾಡಿ ಮುಗಿಸಿದೆವು.

"ನೋಡಿದ್ರಾ, ಸೆಟಪ್ ಪ್ರಾಬ್ಲಂ ಅಂತ ನಾನ್ ಅವತ್ತೇ ಹೇಳಿರ್ಲಿಲ್ವಾ?" ಅಂದರು ಟ್ರೈನರ್.

"ಅವತ್ತು ಕನ್ನಡ ಮೀಡಿಯಂ ಅಂದಿದ್ರಿ ಸರ್. ಅದನ್ನ ವಾಪಸ್ ತಗೋಬೇಕು ನೀವು" ಅಂದೆ.

"ಏನಮ್ಮಾ, ಅಸೆಂಬ್ಲಿ ಮಾಡ್ಕೊಂಡ್ಬಿಟ್ಟಿದ್ದೀಯಾ ಇದನ್ನ?" ಅಂದರು. ಕಿಟಕಿ ಸಾಲು ನಕ್ಕಿತು. ಗೋಡೆ ಸಾಲಿನಲ್ಲೂ ಕೆಲವರು ನಕ್ಕರು, ಅದು ನನಗೆ ಹೆಚ್ಚು ಉರಿಯಿತು.

ಶನಿವಾರ ಅತಿಥಿಗಳು ಬಂದರು. ಅಕ್ಕನ ಆ್ಯಪ್ ದೊಡ್ಡ ಪರದೆಯ ಮೇಲೆ ಒಂದು ಸಲವೂ ನಿಲ್ಲದೆ ಓಡಿತು. ಅತಿಥಿಯೊಬ್ಬರು ಹುಳುವಿಗೆ ನಿಜವಾಗಿಯೂ ಜ್ವರ ಬರುತ್ತದೆಯೇ ಎಂದು ಕೇಳಿದರು, ಅವಳು ವಿವರಿಸಿದಳು. ಟ್ರೈನರ್ ಮೈಕ್ ತೆಗೆದುಕೊಂಡು, "ಕನ್ನಡ ಮೀಡಿಯಂ ಆದ್ರೂ ತುಂಬಾ ಚೆನ್ನಾಗ್ ಪಿಕಪ್ ಮಾಡಿದ್ದಾರೆ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು.

ನಾನು ಎದ್ದೆ. ಅಕ್ಕ ನನ್ನ ಚೂಡಿದಾರದ ತುದಿ ಹಿಡಿದು ಎಳೆದು ಕೂರಿಸಿದಳು. ಮೆಟ್ಟಿಲಿಳಿಯುವಾಗ ಅವಳ ಮೇಲೂ ರೇಗಿದೆ.

"ನಿನ್ನನ್ನೇ ಅಂದದ್ದು ಅಕ್ಕ ಅವರು. ಆದ್ರೂ ಅಂದ್ರೆ ಏನರ್ಥ?"

"ಗೊತ್ತಾಯ್ತು ಬಿಡು ನಂಗೂ. ಕಿವುಡಿ ಅಲ್ಲ ನಾನು."

"ಮತ್ತೆ?"

"ನೀನು ಎದ್ದು ಜಗಳ ತೆಗುದ್ರೆ ಸೋಮವಾರ ನಿನ್ನನ್ನ ಏನೂ ಮಾಡಲ್ಲ, ನನ್ನನ್ ಡೇಟಾ ಎಂಟ್ರಿಗ್ ತಳ್ಳಕ್ಕೆ ಇನ್ನೊಂದ್ ನೆಪ ಹುಡುಕ್ತಾರೆ. ಕೋರ್ಸ್ ಮುಗೀಲಿ. ಸರ್ಟಿಫಿಕೇಟು ಕೈಗೆ ಬಂದ ದಿವ್ಸ ಇಬ್ರೂ ಒಟ್ಟಿಗೇ ಹೋಗಿ ಕೇಳನ."

ಲೆಕ್ಕ ಸರಿಯಿತ್ತು. ಸರಿಯಾದ ಮಾತಿಗೆ ಕಾಯಬೇಕಾಗಿ ಬಂದದ್ದು ಸರಿಯಲ್ಲ ಎಂದು ನಾನು ಆಗಲೂ ಅಂದೆ, ಈಗಲೂ ಅನ್ನುತ್ತೇನೆ. ಸೋಮವಾರ ಅವಳು ಆ್ಯಪ್ ಬ್ಯಾಚಿನಲ್ಲಿ ತನ್ನ ಕುರ್ಚಿಯಲ್ಲೇ ಕೂತಿದ್ದಳು, ಕೋರ್ಸ್ ಮುಗಿಯುವ ತನಕವೂ ಕೂತಳು. ಸರ್ಟಿಫಿಕೇಟು ಬಂದ ದಿನ ನಾವಿಬ್ಬರೂ ಹೋದೆವು. ಕೇಳಿದ್ದು ನಾನಲ್ಲ, ಅವಳು.

"ಸಾರ್, ಕನ್ನಡ ಮೀಡಿಯಂನೋರಿಗೆ ಏಳಲ್ಲ ಅಂದಿದ್ರಲ್ಲ, ಅದು ತಪ್ಪು ಅಂತ ಈಗ್ಲಾದ್ರೂ ಹೇಳಿ."

ಟ್ರೈನರ್ ಗಡಿಯಾರ ನೋಡಿ, ಮುಂದಿನ ಬ್ಯಾಚಿಗೆ ಹೊತ್ತಾಯಿತು ಅಂದರು. ಅವಳು ಹೋಗಲಿಲ್ಲ. ಕೈಲಿದ್ದ ಸರ್ಟಿಫಿಕೇಟನ್ನು ಮಡಿಚದೆ ಎದೆಗಾನಿಸಿಕೊಂಡು ಬಾಗಿಲಲ್ಲೇ ನಿಂತಳು. ನಾನು ಅವಳ ಪಕ್ಕ ನಿಂತೆ. ಹೊಸ ಬ್ಯಾಚಿನವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿಕೊಂಡು ಒಳಗೆ ಹೋಗಿ ಕೂತರು, ಕೂತು ನಮ್ಮ ಕಡೆಗೇ ನೋಡತೊಡಗಿದರು.

"ಆಯ್ತಮ್ಮಾ, ತಪ್ಪು" ಅಂದರು ಟ್ರೈನರ್, ನಮಗಷ್ಟೇ ಕೇಳುವ ಹಾಗೆ.

"ಅವ್ರಿಗೂ ಕೇಳ್ಸಂಗ್ ಹೇಳಿ ಸಾರ್" ಅಂದಳು ಅಕ್ಕ.