ಗೋಡೆಯಾಚೆಯ ಸೌಂಡ್ ಬಾರ್

ನಮ್ಮ ಮನೆ ಪಾಲಾದಾಗ ಟಿವಿ ದೊಡ್ಡಣ್ಣನಿಗೆ ಹೋಯಿತು, ಸೌಂಡ್ ಬಾರ್ ಚಿಕ್ಕಣ್ಣನಿಗೆ. ಪಂಚಾಯಿತಿಗೆ ಕೂತ ಹಿರಿಯರು ತೆಂಗಿನ ಸಾಲು ಹಂಚಿದರು, ಕೊಬ್ಬರಿ ಅಟ್ಟ ಹಂಚಿದರು, ಆಮೇಲೆ ಟಿವಿಯನ್ನೂ ಅದರ ಕೆಳಗಿದ್ದ ಉದ್ದನೆಯ ಡಬ್ಬವನ್ನೂ ನೋಡಿ, "ಅವನ್ಗೊಂದು, ಇವನ್ಗೊಂದು. ಸಮ ಆಯ್ತು ಬುಡ್ರಪ್ಪ" ಅಂದರು. ಅದೇ ಬಾಯಲ್ಲಿ ಅವ್ವನನ್ನು ದೊಡ್ಡಣ್ಣನಿಗೆ, ಅಪ್ಪನನ್ನು ಚಿಕ್ಕಣ್ಣನಿಗೆ ಹಂಚಿದರು. ಕೊಟ್ಟ ಹೆಣ್ಣು ನಾನು, ನನ್ನನ್ನು ಯಾರೂ ಕೇಳಲಿಲ್ಲ.

ಆ ಬಾರ್ ನಾನು ತಿಪಟೂರಿನಿಂದ ತಂದುಕೊಟ್ಟದ್ದು. ಅವ್ವನಿಗೆ ಕಿವಿ ಮಂದ, ಟಿವಿಯ ದನಿ ಜೋರಾಗಿ ಕೇಳಲಿ ಅಂತ. ಧಾರಾವಾಹಿಯ ಒಂದೊಂದು ಮಾತನ್ನೂ ಅಪ್ಪ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಒಪ್ಪಿಸುತ್ತಿದ್ದ. ಬಾರ್ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಅವ್ವ ನೋಡುತ್ತಿದ್ದದ್ದು ಟಿವಿ, ಕೇಳುತ್ತಿದ್ದದ್ದು ಅಪ್ಪನನ್ನೇ.

ನಡುಮನೆಗೆ ಅಡ್ಡಗೋಡೆ ಎದ್ದಿತು, ಈ ಕಡೆ ದೊಡ್ಡಣ್ಣ, ಆ ಕಡೆ ಚಿಕ್ಕಣ್ಣ. ಅಪ್ಪ ಈ ಕಡೆಗೆ, ಅವ್ವ ಆ ಕಡೆಗೆ ಕಾಲಿಡಬಾರದೆಂದು ಅಣ್ಣಂದಿರ ಕಟ್ಟಪ್ಪಣೆಯೂ ಆಯಿತು.

ಹಬ್ಬಕ್ಕೆಂದು ಗಂಡನ ಮನೆ ಹುಳಿಯಾರಿನಿಂದ ನಾನು ಬಂದರೆ ದೊಡ್ಡಣ್ಣನ ಟಿವಿ ಮೂಕವಾಗಿತ್ತು. "ಅವನೇ ಏನೋ ಕೆಡ್ಸವ್ನೆ ಕಣೇ, ಹೊಟ್ಟೆಕಿಚ್ಚಿಗೆ" ಅಂದ ದೊಡ್ಡಣ್ಣ. ಕೆಡಿಸಿದ್ದ, ಮಣ್ಣು! ಎಚ್‌ಡಿಎಂಐ ವೈರು ಟಿವಿಯ ಹಿಂದೆ ಸುಮ್ಮನೆ ಜೋತಾಡುತ್ತಿತ್ತು. ದನಿ ಆ ವೈರಿನಲ್ಲಿ ಬಾರ್‌ಗೆ ಹೋಗಲೆಂದು ಹಿಂದೆ ನಾನೇ ಸೆಟ್ಟಿಂಗ್ ಮಾಡಿದ್ದೆ. ಬಾರ್ ಹೋದರೂ ಟಿವಿ ದನಿಯನ್ನು ಆ ಕಡೆಗೇ ಕಳಿಸುತ್ತಿತ್ತು. ರಿಮೋಟಿನಲ್ಲಿ ಬದಲಾಯಿಸಿದ್ದರೆ ಮುಗಿದುಹೋಗುತ್ತಿತ್ತು. ಅದಕ್ಕಿಂತ ಒಡಹುಟ್ಟಿದವನ ಮೇಲೆ ಗೂಬೆ ಕೂರಿಸುವುದು ಅವನಿಗೆ ಸಲೀಸಾಯಿತು.

ನಾನು ಬದಲಾಯಿಸಿದೆ, ಆದರೆ ಟಿವಿಯ ಸ್ಪೀಕರಿಗಲ್ಲ. ಕಾಫಿಯ ನೆಪದಲ್ಲಿ ಚಿಕ್ಕಣ್ಣನ ಮನೆಗೆ ಹೋಗಿ ಬಾರಿನ ಬ್ಲೂಟೂತ್ ಗುಂಡಿ ಒತ್ತಿ ಬಂದು, ಈ ಕಡೆ ಟಿವಿಗೆ ಜೋಡಿಸಿದೆ. ಅದಕ್ಕೆ ವೈರು ಬೇಡ, ಗೋಡೆಯೂ ಅಡ್ಡವಲ್ಲ. ಸಂಜೆ ಧಾರಾವಾಹಿಯ ಚಿತ್ರ ಈ ಕಡೆ ಬಂತು, ಮಾತು ಆ ಕಡೆ. ಅಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ.

"ಒಡವೆ ಕೊಡಾಕಿಲ್ಲ ಅಂತಾವ್ಳೆ ಕಣೇ ಸೊಸೆ!"

ಹೆಂಚಿನವರೆಗೆ ಮುಟ್ಟದ ಆ ಗೋಡೆಯ ಮೇಲಿಂದ ಅಪ್ಪನ ದನಿ ಬಂತು. ಅವ್ವ ತಲೆಯೆತ್ತಿದಳು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಪಾಲಾದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ನನಗೆ ಅಳು ಬಂತು.

ಸ್ವಲ್ಪ ಹೊತ್ತಿಗೆ ಚಿಕ್ಕಣ್ಣ ತೋಟದಿಂದ ಬಂದ. "ನಮ್ ಕರೆಂಟಲ್ಲಿ ಅವ್ರ ಟಿವಿ ಮಾತಾಡ್ಬೇಕಾ?" ಎಂದವನೇ ಪ್ಲಗ್ ಕಿತ್ತ. ಈ ಕಡೆ ದೊಡ್ಡಣ್ಣ, "ನನ್ ಟಿವಿ ಸದ್ದು ಅವನ ಮನೇಲಿ ಯಾಕೆ?" ಎಂದು ನನ್ನ ಮೇಲೆ ರೇಗಿದ. ಪಾಲಾದಾಗಿನಿಂದ ಇಬ್ಬರೂ ಒಪ್ಪಿದ್ದು ಅದೊಂದೇ ಮಾತಿಗೆ. ಥೂ, ಇಂಥವರ ಬೆನ್ನಿಗೆ ಹುಟ್ಟಿದೆನಲ್ಲ ಅನ್ನಿಸಿತು.

ಬ್ಲೂಟೂತ್ ಆ ವೈರಿನ ಹಾಗಲ್ಲ, ಬಾರ್ ಆರಿದ್ದೇ ಟಿವಿ ತನ್ನ ಸಣ್ಣ ಸ್ಪೀಕರಿನಲ್ಲೇ ಮಾತಾಡತೊಡಗಿತು. ಆ ದನಿ ಗೋಡೆ ದಾಟುವಂಥದ್ದಲ್ಲ, ಅವ್ವನ ಕಿವಿ ಮುಟ್ಟುವಂಥದ್ದೂ ಅಲ್ಲ. ಅವಳು ಗೋಡೆಯ ಮೇಲ್ತುದಿಯನ್ನೇ ನೋಡುತ್ತಿದ್ದಳು.

"ನಿಮ್ಮಪ್ಪ ಯಾಕೆ ಸುಮ್ಕಾಗ್ಬುಟ್ರು?" ಅಂದಳು.