ಸಾಸಿವೆ ಮೆತ್ತಿದ ಇಡ್ಲಿ

ಇಡ್ಲಿ ಮಾಮನ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮೂವತ್ತು ವರ್ಷ ಹಬೆಯಲ್ಲಿ ಬೆಂದ ಬೆರಳುಗಳು; ಸುಡುವ ತಟ್ಟೆಯಿಂದ ಇಡ್ಲಿ ಬಟ್ಟೆಯನ್ನು ಬರಿಗೈಯಲ್ಲೇ ಸರ್ರನೆ ಎಳೆಯುತ್ತಿದ್ದರು. ಚೆನ್ನೈಯ ಪುರಸೈವಾಕ್ಕಂನ ಆ ಉಡುಪಿ ಹೋಟೆಲಿನಲ್ಲಿ ನನ್ನಪ್ಪ ಕ್ಯಾಶಿಯರ್, ಮಾಮ ಇಡ್ಲಿ ಬೇಯಿಸುವವರು. ನಮ್ಮ ಮನೆ ಅದರ ಮಹಡಿಯ ಮೇಲೆ. ತೊಂಬತ್ತರ ದಶಕದ ಕೊನೆ, ನಾನು ಎಂ.ಎಸ್ಸಿ. ಮುಗಿಸಿ ಸಂಶೋಧನೆಯ ಸೀಟಿಗೆ ಅರ್ಜಿ ಹಾಕಿದ್ದೆ. ಸಿಗದಿದ್ದರೆ ಮದುವೆ ಎಂದು ಅಪ್ಪ ಖಡಾಖಂಡಿತ ಹೇಳಿದ್ದರು.

ಸಂದರ್ಶನದಲ್ಲಿ ಗುರುತ್ವ ಅಲೆಗಳ ಬಗ್ಗೆ ಮಾತಾಡಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಹೋಟೆಲಿನ ಅಡುಗೆಮನೆಯಲ್ಲಿ ಕೂತು ಮಾಮನಿಗೆ ಪಾಠ ಒಪ್ಪಿಸಿದೆ: ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ವ್ಯೋಮವೇ ಅಲುಗುತ್ತದೆ, ಆ ಅಲೆ ಹಾದುಹೋಗುವಾಗ ಎಲ್ಲವೂ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ.

"ಎಲ್ಲ ಹಿಗ್ಗುವುದಾದ್ರೆ ನಿನ್ನ ಸ್ಕೇಲೂ ಹಿಗ್ಗುವುದಿಲ್ವಾ? ಮತ್ತೆ ಅಳೆಯುವುದು ಹೇಗೆ ಮಾರಾಯ್ತಿ?"

ಸಮೀಕರಣಗಳೆಲ್ಲ ಬಾಯಿಪಾಠವಿತ್ತು, ಅವುಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅಳುವೇ ಬಂತು.

ಮಾಮ ಒದ್ದೆ ಇಡ್ಲಿ ಬಟ್ಟೆ ಹಾಸಿದರು. "ಅಳುವುದೆಲ್ಲ ಆಮೇಲೆ. ಹೇಗೆ ಹಿಗ್ಗುವುದು, ತೋರಿಸು."

ಸಾಸಿವೆಯನ್ನು ದುಂಡಗೆ ಜೋಡಿಸಿ ಬಟ್ಟೆ ಎಳೆದೆ. ವೃತ್ತ ಉದ್ದಕ್ಕೆ ಹಿಗ್ಗಿತು, ಅಡ್ಡಕ್ಕೆ ಕುಗ್ಗಿತು. ಅವರು ನಡುವೆ ಒಂದು ಬೆಂದ ಇಡ್ಲಿ ಇಟ್ಟು, "ಈಗ ಎಳೆ, ನೋಡುವ" ಎಂದರು. ಸಾಸಿವೆ ಸರಿಯಿತು, ಜಪ್ಪಯ್ಯ ಅಂದರೂ ಇಡ್ಲಿ ಹಿಗ್ಗಲಿಲ್ಲ.

"ಇದು ತನ್ನನ್ನು ತಾನೇ ಹಿಡ್ಕೊಂಡುಂಟು. ಸಾಸಿವೆಗೆ ಯಾರ ಹಿಡಿತವೂ ಇಲ್ಲ."

ಅಬ್ಬಾ! ಕುಣಿದಾಡಿಬಿಟ್ಟೆ. ಅಲೆ ಹಿಡಿಯುವ ಯಂತ್ರದಲ್ಲಿ ತೂಗುಬಿಟ್ಟ ಕನ್ನಡಿಗಳೇ ಸಾಸಿವೆ! ಗಟ್ಟಿ ಅಳತೆಗೋಲು ಇಡ್ಲಿ! ಕನ್ನಡಿಗಳ ನಡುವೆ ಓಡಾಡುವ ಬೆಳಕು, ಪರಮಾಣುವಿಗಿಂತ ಸಣ್ಣ ಆ ವ್ಯತ್ಯಾಸವನ್ನು ಬಂದು ಹೇಳುತ್ತದೆ!

ನನ್ನ ಕುಣಿತದಲ್ಲಿ ಮೈಮರೆತ ಮಾಮ, ಸಾಸಿವೆಯಿದ್ದ ಅದೇ ಬಟ್ಟೆಯ ಮೇಲೆ ಹಿಟ್ಟು ಹೊಯ್ದುಬಿಟ್ಟರು. ಸ್ವಲ್ಪ ಹೊತ್ತಿಗೆ ಇಡ್ಲಿಯಲ್ಲಿ ಸಾಸಿವೆ ಕಂಡ ಗಿರಾಕಿಯೊಬ್ಬರ ತಮಿಳು ದನಿ: "ಎನ್ನಪ್ಪಾ ಇದು, ಇಡ್ಲಿಲೆ ಕಡುಗು?"

"ಇನ್ನೈಕ್ಕು ಸ್ಪೆಷಲ್ ಸಾರ್!" ಇವತ್ತಿನ ಸ್ಪೆಷಲ್ಲೇ ಅದೆಂದು ಮಾಮ ಒಳಗಿನಿಂದಲೇ ಕೂಗಿದರು. ಸಾಸಿವೆ ಮೆತ್ತಿದ ಇಡ್ಲಿ ಹಿಡಿದು ಒಳಬಂದ ಅಪ್ಪ ನಮ್ಮಿಬ್ಬರಿಗೂ ಹಿಗ್ಗಾಮುಗ್ಗಾ ಬೈದರು.

ಮರುದಿನ ಸಂದರ್ಶನದಲ್ಲಿ ಬಂದದ್ದೂ ಅದೇ ಪ್ರಶ್ನೆ. ಇಡ್ಲಿ, ಸಾಸಿವೆ ಎಂದೇ ಉತ್ತರ ಕೊಟ್ಟೆ. ಸೀಟು ಸಿಕ್ಕಿತು.

ಆಮೇಲೆ ರಜೆಗೆ ಚೆನ್ನೈಗೆ ಬಂದಾಗಲೆಲ್ಲ, ಕಳೆದ ಬೀಗದ ಕೈ ವಿಚಾರಿಸುವವರಂತೆ ಮಾಮ ಕೇಳುತ್ತಿದ್ದರು: "ನಿನ್ನ ಅಲೆ ಸಿಕ್ಕಿತಾ?"

"ಇಲ್ಲ ಮಾಮ."

"ಸಿಕ್ತದೆ. ಬೇಯಲಿಕ್ಕೆ ಟೈಮ್ ಬೇಕಲ್ಲ."

ಮುಂದಿನ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಕೆಲವು ವರ್ಷಗಳ ನಂತರ ಅಲೆ ಸಿಕ್ಕ ಸುದ್ದಿ ಬಂದಾಗ ಲ್ಯಾಬಿನಲ್ಲಿ ಕೇಕ್ ಕತ್ತರಿಸುತ್ತಿದ್ದರು. ನಾನು ಹೊರಗೆ ಓಡಿ, ಇನ್ನೂ ಕೌಂಟರಿನಲ್ಲೇ ಕೂರುತ್ತಿದ್ದ ಅಪ್ಪನಿಗೆ ಫೋನ್ ಮಾಡಿ, "ಸಿಕ್ಕಿತು" ಎಂದೆ, ಅಷ್ಟೇ.

ಅಪ್ಪ ಕೇಳಿದರು: "ನಾಳೆ ಇಡ್ಲಿಗೆ ಸಾಸಿವೆ ಹಾಕ್ಲಿಕ್ಕೆ ಹೇಳ್ಲಾ?"