ಯಾರು ಕರೆದರೂ ಹೋಗುವ ನಾಯಿ

ಚಿನ್ನಿ, ಗುಂಡ, ಹೋದ ವಾರ ಮೆಟ್ಟಿಲ ಕೆಳಗಿನ ಬೆಕ್ಕಿನ ಮರಿ ಕೇಳಲು ಬಂದ ಹೆಂಗಸು ಬೇಸರಪಟ್ಟುಕೊಂಡು ಬರಿಗೈಯಲ್ಲಿ ಹೋದಳೆಂದು ನಿಮಗಿಬ್ಬರಿಗೂ ನನ್ನ ಮೇಲೆ ಸಿಟ್ಟು. ಅಜ್ಜಿ ಬಾಗಿಲ ಹಿಂದೆ ನಿಂತು ಪ್ರಶ್ನೆ ಹೇಳಿಕೊಡುತ್ತಾಳೆ, ನಾವು ಮುಂದೆ ನಿಂತು ಪೊಲೀಸರ ಹಾಗೆ ಕೇಳಬೇಕು ಎಂದು ನಿಮ್ಮ ಅವ್ವನಿಗೆ ದೂರು ಕೊಟ್ಟಿರಿ. ನಿಜ. ಹೊಸಬರ ಎದುರು ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೆ ನಾನು ಹೀಗೇಕಾದೆ ಎಂದು ಬರೆದು ಇಡುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಆಂಧ್ರದ ಗಡಿಯಲ್ಲಿ ಬೆಳುಗುಪ್ಪದ ಕಡೆಯ ನಮ್ಮ ಹಳ್ಳಿ ಬಿಟ್ಟು ರಾಯದುರ್ಗಕ್ಕೆ ಬಂದೆ. ಟೈಲರುಗಳೇ ತುಂಬಿದ ಒಂದು ಓಣಿಯಲ್ಲಿ ಒಂದು ಕೋಣೆ. ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಬೆಳಿಗ್ಗೆ ಬಾಗಿಲಿಗೆ ಬರುತ್ತಿತ್ತು. ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಕಟ್ಟರಿನಿಂದ ಕತ್ತರಿಸಿ, ಡಜನ್ನಿನ ಲೆಕ್ಕದಲ್ಲಿ ಕಟ್ಟಿಡುವುದು ನನ್ನ ಕೆಲಸ. ಕೈಗೆ ಹತ್ತಿದ ನೀಲಿ ಬಣ್ಣ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅನ್ನ ಕಲಸುವಾಗ ಮೊದಮೊದಲು ಅಸಹ್ಯವಾಗುತ್ತಿತ್ತು, ಆಮೇಲೆ ಅದು ಕಣ್ಣಿಗೇ ಬೀಳದಾಯಿತು.

ನಾಯಿ ಸಿಕ್ಕಿದ್ದು ಆ ಓಣಿಯ ಹಿಂದೆ, ಚಿಂದಿ ಬಟ್ಟೆ ಸುರಿಯುವ ಜಾಗದಲ್ಲಿ. ಯಾರೋ ಮರಿಯಾಗಿದ್ದಾಗ ಅದರ ಕುತ್ತಿಗೆಗೆ ಪ್ಯಾಂಟಿನ ಸೊಂಟದ ಪಟ್ಟಿ ಕಟ್ಟಿದ್ದರು. ನಾಯಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಅದು ಚರ್ಮದೊಳಗೆ ಹೂತುಹೋಗಿತ್ತು. ದಾರ ಕತ್ತರಿಸುವ ಕಟ್ಟರಿನಿಂದಲೇ ಅದನ್ನು ಕೊಯ್ದು ತೆಗೆದೆ. ಒಂದು ಸಲವೂ ಕಚ್ಚಲಿಲ್ಲ. ಆದರೆ ನಾನು ತಲೆಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದರೂ ಸಾಕು, ನೆಲಕ್ಕೆ ಹೊಟ್ಟೆ ಹಚ್ಚಿ ಕಣ್ಣು ಮುಚ್ಚಿಬಿಡುತ್ತಿತ್ತು. ಆ ಹೆದರಿಕೆ ಹೋಗಲು ಒಂದು ಮಳೆಗಾಲ, ಒಂದು ಚಳಿಗಾಲ ಬೇಕಾಯಿತು.

ಹೆದರಿಕೆ ಹೋದಮೇಲೆ ಉಳಿದದ್ದು ಬರೀ ಪ್ರೀತಿ. ಪ್ಯಾಂಟಿನ ಗಂಟಿನ ಮೇಲೆ ಮಲಗಿ ಮಲಗಿ ಅದರ ಬಿಳಿ ಹೊಟ್ಟೆ ನೀಲಿಯಾಗಿತ್ತು. ಅದಕ್ಕೆ ನಾನು ಹೆಸರು ಇಡಲಿಲ್ಲ, 'ಬಾ' ಎಂದರೆ ಬರುತ್ತಿತ್ತು. ಯಾರು 'ಬಾ' ಎಂದರೂ ಹೋಗುತ್ತಿತ್ತು. ಹಾಲಿನವನ ಕಾಲ ಮೇಲೆ ತಲೆ ಇಡುತ್ತಿತ್ತು, ಕರೆಂಟ್ ಬಿಲ್ಲಿನವನ ಕೈ ನೆಕ್ಕುತ್ತಿತ್ತು. ನನ್ನ ತಲೆನೋವು ಶುರುವಾದದ್ದೇ ಅಲ್ಲಿ. ಗುರುಗುಟ್ಟುವ ನಾಯಿಯಾದರೆ ಇವನು ಒಳ್ಳೆಯವನಲ್ಲ ಎಂದು ಅದೇ ಹೇಳುತ್ತದೆ. ಇದಕ್ಕೆ ಎಲ್ಲರೂ ಒಳ್ಳೆಯವರೇ. ಕುತ್ತಿಗೆಗೆ ಪಟ್ಟಿ ಕಟ್ಟಿದವನು ಬಂದಿದ್ದರೂ ಬಾಲ ಅಲ್ಲಾಡಿಸುತ್ತಿತ್ತೇನೋ. ಹಾಗಾಗಿ ಅದರ ಪಾಲಿನ ಅನುಮಾನವನ್ನೂ ನಾನೇ ಪಡಬೇಕಾಯಿತು.

ಆಮೇಲೆ ಗುಂಡ ಹುಟ್ಟಿದ. ನಿಮ್ಮ ಅವ್ವ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಮಷೀನು ತುಳಿಯುತ್ತಿದ್ದಳು. ರಜ ಮುಗಿದು ಕೆಲಸಕ್ಕೆ ಹೋಗದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ನಾನು ಬರಬೇಕು, ಆದರೆ ಬಾಡಿಗೆ ಮನೆಯವರು ನಾಯಿಗೆ ಒಪ್ಪುವುದಿಲ್ಲ ಎಂದು ಫೋನಿನಲ್ಲಿ ಹೇಳಿದಳು. ನನಗೆ ಇದ್ದದ್ದು ಒಂದೂವರೆ ತಿಂಗಳು. ಅಷ್ಟರಲ್ಲಿ ನಾಯಿಗೆ ಒಂದು ಮನೆ ಹುಡುಕಬೇಕಿತ್ತು. ಮತ್ತೆ ಯಾರೂ ಅದರ ಕುತ್ತಿಗೆಗೆ ಕಟ್ಟಿ ಮರೆಯದಂಥ ಮನೆ.

ಮೊದಲು ಬಂದವನು ಡಿ. ಹಿರೇಹಾಳ್ ಕಡೆಯ ಕುರಿಗಾರ. ಹಿಂಡು ಕಾಯಲು ನಾಯಿ ಬೇಕಂತೆ. ಸಂತೆಯಲ್ಲಿ ಕುರಿ ನೋಡುವ ಹಾಗೆ ಬಾಯಿ ಬಿಡಿಸಿ ಹಲ್ಲು ನೋಡಿದ, ಕಿವಿ ಎಳೆದ. ಕಿವಿ ಕತ್ತರಿಸಲು ಅಳತೆ ತೆಗೆಯುತ್ತಿದ್ದಾನೆ ಎಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಬಂದೆ. ನಾಯಿ ಅವನ ಗಡ್ಡವನ್ನೆಲ್ಲ ನೆಕ್ಕಿತು. ಅವನು ಮುಖ ಒರೆಸಿಕೊಂಡು ಎದ್ದ.

"ಇದು ಬ್ಯಾಡ್ರಿ ಯವ್ವಾ," ಎಂದ. "ತೋಳ ಬಂದ್ರ ಇದು ತೋಳನ್ನೂ ನೆಕ್ಕತೈತಿ. ಆಮ್ಯಾಲ ಕುರಿ ಎಲ್ಲಿ ಅದಾವಂತ ತೋರಿಸ್ಕೊಡತೈತಿ."

ಓಣಿಯೆಲ್ಲ ನಕ್ಕಿತು. ನನಗೆ ಸಮಾಧಾನವಾಯಿತು.

ಎರಡನೆಯವರು ಬಟ್ಟೆ ಕತ್ತರಿಸುವ ಒಂದು ಯೂನಿಟ್ಟಿನ ಯಜಮಾನರು. ಗೋಡೌನಿಗೆ ನಾಯಿ ಬೇಕೆಂದರು. ಜಾಗ ನೋಡುವ ಧೈರ್ಯ ನನಗೆ ಹೇಗೆ ಬಂತೋ, ಪ್ಯಾಂಟು ಒಪ್ಪಿಸುವ ನೆಪದಲ್ಲಿ ಹೋದೆ. ಗೋಡೆಗೆ ಆಗಲೇ ಒಂದು ಸರಪಳಿ ಇತ್ತು. ಸರಪಳಿ ಎಷ್ಟು ದೂರ ಬರುತ್ತದೋ ಅಷ್ಟಕ್ಕೆ ನೆಲ ಸವೆದು ಗುಂಡಗೆ ಗೆರೆ ಬಿದ್ದಿತ್ತು. ಮೊದಲಿದ್ದ ನಾಯಿ ಎಲ್ಲಿ ಎಂದು ಕೇಳಿದೆ. ಯಜಮಾನರು ತೆಲುಗಿನಲ್ಲಿ ಓಡಿಹೋಯಿತು ಎಂದರು. ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ವಾಚ್‌ಮನ್ ಸತ್ತುಹೋಯಿತು ಎಂದ. ಒಂದು ನಾಯಿಗೆ ಎರಡು ಉತ್ತರ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದು ಸುಳ್ಳು ಹೇಳಿ ಬಂದೆ.

ಆ ಸುಳ್ಳನ್ನು ನಿಜ ಮಾಡಲು ಬಂದಂತೆ ಪಕ್ಕದ ಮನೆ ಟೈಲರನ ಅಕ್ಕ ಬಂದಳು. ಅವಳನ್ನು ಮಡಕಶಿರದ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ತಮ್ಮನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ನಾಯಿ ಹೋಗಿ ಅವಳ ಸೀರೆಯ ಸೆರಗಿನ ಮೇಲೆ ಮಲಗಿತು. ಅವಳು ಸೆರಗು ಎಳೆದುಕೊಳ್ಳದೆ ಹಾಗೇ ಕೂತಳು. ಎದ್ದಾಗ, ಇದನ್ನು ನಾನು ಕರಕೊಂಡು ಹೋಗಲೇ ಎಂದು ಕೇಳಿದಳು. ಏನು ತಿನ್ನುತ್ತದೆ ಎಂದು ಕೇಳಲಿಲ್ಲ, ಕಚ್ಚುತ್ತದೆಯೇ ಎಂದೂ ಕೇಳಲಿಲ್ಲ. ಏನೂ ಕೇಳದೆ ಒಯ್ಯುವವರಿಗೆ ಏನೋ ಉದ್ದೇಶ ಇರಬೇಕಲ್ಲ? ಆದರೆ ನನ್ನ ದಿನಗಳು ಮುಗಿಯುತ್ತಿದ್ದವು. ಟೈಲರ್ ಮಡಕಶಿರದ ಅಂಗಡಿಗೆ ಪ್ಯಾಂಟು ಕಳಿಸುವ ಟೆಂಪೋದಲ್ಲಿ ಅವಳು ಮುಂದೆ ಕೂತಳು. 'ಬಾ' ಎಂದಳು. ನಾಯಿ ಹತ್ತಿ ಅವಳ ತೊಡೆಯ ಮೇಲೆ ಕೂತಿತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಅದಕ್ಕೆ ಹೋಗುವುದು ಎಂದರೆ ಏನೆಂದು ಗೊತ್ತಿರಲಿಲ್ಲ.

ಆಮೇಲಿನ ದಿನಗಳಲ್ಲಿ ಟೈಲರನ ಕೈಯಲ್ಲಿ ಫೋನು ಮಾಡಿಸುತ್ತಿದ್ದೆ. ಅಕ್ಕನಿಂದ ಬರುತ್ತಿದ್ದ ಉತ್ತರ ಒಂದೇ: "ಐತೆ." ಹೇಗಿದೆ ಎಂದಿಲ್ಲ, ತಿಂದಿತು ಎಂದಿಲ್ಲ. ಟೈಲರ್ ನನ್ನನ್ನು ರೇಗಿಸುತ್ತಿದ್ದ. "ಮಗಳನ್ನ ಕೊಟ್ಟಾಗ್ಲೂ ಇಷ್ಟು ಫೋನ್ ಮಾಡಿರಲಿಕ್ಕಿಲ್ರಿ ನೀವು." ಕೊನೆಗೆ ನನ್ನೊಳಗೇ ಒಂದು ತೀರ್ಮಾನ ಮಾಡಿದೆ. ಬೆಂಗಳೂರಿಗೆ ಹೋಗುವ ದಿನ ಮಡಕಶಿರದ ಮೇಲೆ ಹೋಗುತ್ತೇನೆ. ಹೇಳದೆ ಹೋಗುತ್ತೇನೆ. ಮರುದಿನ ಬೆಳಿಗ್ಗೆ ನಿಮ್ಮ ಅವ್ವ ಡ್ಯೂಟಿಗೆ ಹೋಗಬೇಕಿದ್ದರಿಂದ ಮಧ್ಯಾಹ್ನದ ಬಸ್ಸು ತಪ್ಪುವಂತಿರಲಿಲ್ಲ.

ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಟ್ರಂಕು ಹೊತ್ತು ಕೇಳಿಕೊಂಡು ಕೇಳಿಕೊಂಡು ಆ ಮನೆ ಮುಟ್ಟಿದೆ. ನನ್ನನ್ನು ಕಂಡದ್ದೇ ಅವಳು ಒಳಗಿನಿಂದ ಓಡಿಬಂದು, ಗೇಟಿನ ಹತ್ತಿರವೇ ನಿಲ್ಲುವಂತೆ ಕೈ ಅಡ್ಡ ಹಿಡಿದಳು. ಒಳಗೆ ಬಾ ಎನ್ನಲಿಲ್ಲ. ಬಾಗಿಲಿಗೆ ಬಲೆ ಕಟ್ಟಿದ್ದರು. ಹೊಸ್ತಿಲ ಮುಂದೆ ಸುಣ್ಣದ ಪುಡಿ ಗೆರೆಯಾಗಿ ಚೆಲ್ಲಿತ್ತು. ಅವಳು ಒಂದು ಚೊಂಬು ನೀರು ತಂದು, ನನ್ನ ಕೈಗೆ ಕೊಡದೆ, ನೆಲದ ಮೇಲೆ ಇಟ್ಟು ಹಿಂದೆ ಸರಿದಳು. ಮಕ್ಕಳೇ, ಆ ಚೊಂಬನ್ನು ನಾನು ಮುಟ್ಟಲಿಲ್ಲ. ನೀರನ್ನು ಹಾಗೆ ಯಾರಿಗೆ ಇಡುತ್ತಾರೆ ಎಂದು ನನಗೆ ಗೊತ್ತಿತ್ತು. ನನ್ನನ್ನೇ ಹೀಗೆ ನಿಲ್ಲಿಸಿದವಳು ನಾಯಿಯನ್ನು ಹೇಗೆ ನೋಡಿಕೊಂಡಾಳು ಅನ್ನಿಸಿತು.

ನಾಯಿ ಎಲ್ಲಿ ಎಂದೆ. ತೋಟದಲ್ಲಿದೆ ಎಂದಳು. ಅಷ್ಟರಲ್ಲಿ ಜಗಲಿಯ ಮೇಲಿದ್ದ ಅವಳ ಅತ್ತೆ, ಅದನ್ನು ನೆಂಟರ ಮನೆಗೆ ಕಳಿಸಿದ್ದೇವೆ ಎಂದರು. ಮತ್ತೆ ಎರಡು ಉತ್ತರ. ಗೋಡೌನಿನ ನೆಲದ ಆ ಗುಂಡನೆಯ ಗೆರೆ ಕಣ್ಣಿಗೆ ಬಂತು. ನಾನು ಜಗಳವಾಡುವವಳಲ್ಲ. ಟ್ರಂಕನ್ನು ಗೇಟಿನ ಪಕ್ಕ ಇಟ್ಟು ಅದರ ಮೇಲೆ ಕೂತೆ. ಬಸ್ಸಿನ ಹೊತ್ತಾಯಿತು ಎಂದು ಅವಳು ಎರಡು ಸಲ ನೆನಪಿಸಿದಳು. ನಾನು ಏಳಲಿಲ್ಲ. ಬಸ್ಸು ದೂರದ ರಸ್ತೆಯಲ್ಲಿ ಹಾರನ್ ಹೊಡೆದುಕೊಂಡು ಹೋದದ್ದು ಕೇಳಿಸಿತು. ನಿಮ್ಮ ಅವ್ವನ ಕೆಲಸ ಹೋದರೆ ಎಂಬ ಭಯದಲ್ಲೂ ಕೂತೇ ಇದ್ದೆ.

ಇಳಿಹೊತ್ತಿಗೆ ಅವಳ ಗಂಡ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಮೊಪೆಡ್ಡಿನ ಮೇಲೆ ತಂದರು. ಹಿಂದೆ ನಾಯಿ ಓಡಿಬರುತ್ತಿತ್ತು. ಕುತ್ತಿಗೆ ಬರಿದಾಗಿತ್ತು. ನನ್ನನ್ನು ಕಂಡು ಬಂದು ನೀಲಿ ಬೆರಳುಗಳನ್ನು ಮೂಸಿ ಮೂಸಿ ನೆಕ್ಕಿತು. ಆ ಮನುಷ್ಯ, ಅದು ಅವರದೇ ಮನೆಯಾದರೂ, ಹೊರಗಿನ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಂಡರು, ಅಂಗಿ ಬದಲಿಸಿದರು, ಸುಣ್ಣ ತುಳಿದು ಒಳಗೆ ಹೋದರು. ಹೆಂಡತಿ ಅವರಿಗೂ ಚೊಂಬನ್ನು ನೆಲದ ಮೇಲೇ ಇಟ್ಟಿದ್ದಳು.

ಆಗ ನನಗೆ ನಾಚಿಕೆ ಶುರುವಾಯಿತು. ನಮ್ಮ ಕಡೆ ಕಡಲೆಕಾಯಿ, ಕುರಿ ಬಿಟ್ಟರೆ ರೇಷ್ಮೆ ಕಂಡವರಿಲ್ಲ. ಗೂಡು ಕಟ್ಟುವ ದಿನ ಹತ್ತಿರವಾದಾಗ ಹೊರಗಿನವರ ಕಾಲಧೂಳು, ಕೈ, ವಾಸನೆ ಯಾವುದೂ ಹುಳುವಿಗೆ ಆಗದು ಎಂದು ನನಗೆ ತಿಳಿದಿರಲಿಲ್ಲ. ಅವಳಿಗೆ ಇದು ಎಲ್ಲರಿಗೂ ಗೊತ್ತಿರುವ ಮಾತು, ಹೇಳಬೇಕೆಂದೇ ಹೊಳೆದಿರಲಿಲ್ಲ.

"ನಿಮ್ಮ ಸೊಂಟದ ಚೀಲದಾಗೆ ಹೊಗೆಸೊಪ್ಪು ಐತಲ್ಲಮ್ಮ," ಎಂದಳು. "ಅದರ ಗಾಳಿ ಸೋಕಿದ್ರೂ ಹುಳ ಸಾಯ್ತವೆ. ಅದುಕ್ಕೇ ದೂರ ನಿಲ್ಸಿದ್ದು ಕಣಮ್ಮ, ತಪ್ಪು ತಿಳ್ಕೋಬ್ಯಾಡಿ."

ಹಾಗಾದರೆ ನಾಯಿಯ ವಿಷಯದಲ್ಲಿ ಸುಳ್ಳು ಏಕೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಟ್ರಂಕು ಸಮೇತ ಹೇಳದೆ ಬಂದಿದ್ದೀರಿ, ವಾಪಸ್ ಕರಕೊಂಡು ಹೋಗಲು ಬಂದಿರೆಂದು ಹೆದರಿದೆ, ಅತ್ತೆಗೂ ಕಣ್ಸನ್ನೆ ಮಾಡಿದೆ ಎಂದಳು. ಫೋನಿನಲ್ಲಿ ಹೆಚ್ಚು ಹೇಳದೆ ಇದ್ದದ್ದೂ ಅದಕ್ಕೇ. ಚೆನ್ನಾಗಿದೆ ಎಂದರೆ ನನಗೆ ಆಸೆಯಾಗುತ್ತದೆ, ಚೆನ್ನಾಗಿಲ್ಲ ಎಂದರೆ ಓಡಿಬರುತ್ತೇನೆ ಎಂದುಕೊಂಡಳಂತೆ.

ಅವಳು ಒಳಗೆ ಹೋದಾಗ ನಾಯಿ ಹಿಂದೆಯೇ ಹೋಯಿತು. ಸುಣ್ಣದ ಗೆರೆಯ ಹತ್ತಿರ ತಾನಾಗಿ ನಿಂತು ಕೂತಿತು. ಯಾರ ಹೊಸ್ತಿಲಿಗೂ ನಿಲ್ಲದಿದ್ದ ನಾಯಿ. ಇಷ್ಟು ಬೇಗ ಹೇಗೆ ಕಲಿಯಿತು? ಹೊಡೆದಿದ್ದಾರೆಯೇ? ಎಲ್ಲ ಕೇಳಿದ ಮೇಲೂ ಅನುಮಾನ ಬಿಡಲಿಲ್ಲ. ಯಾರೂ ನೋಡದಾಗ ಅದರ ಹತ್ತಿರ ಹೋಗಿ, ಹೊಡೆಯುವವಳಂತೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದೆ. ನಾಯಿ ಕೈಯನ್ನೇ ನೋಡಿತು. ಕಣ್ಣು ಮುಚ್ಚಲಿಲ್ಲ, ನೆಲ ಹಿಡಿಯಲಿಲ್ಲ. ಎಷ್ಟು ಹೊತ್ತಾದರೂ ಕೈ ಇಳಿಯದಿದ್ದುದಕ್ಕೆ ಆಕಳಿಸಿತು.

ನಾನು ಚೊಂಬಿನ ನೀರು ಕುಡಿದೆ. ಬಿಸಿಲಿಗೆ ಬೆಚ್ಚಗಾಗಿತ್ತು. ಸಂಜೆ ಇನ್ನೊಂದು ಬಸ್ಸಿದೆ ಎಂದು ಅವರೇ ಹೇಳಿದರು. ಅದಕ್ಕೆ ಗಂಡಹೆಂಡಿರಿಬ್ಬರೂ ಕಳಿಸಲು ಬಂದರು, ನಾಯಿಯೂ ಬಂತು. ಕಿಟಕಿಯಿಂದ ಒಂದು ಸಲ 'ಬಾ' ಎನ್ನಬೇಕೆಂದು ಬಾಯಿಗೆ ಬಂತು. ಕರೆದರೆ ಬರುತ್ತದೆ ಎಂದು ಗೊತ್ತಿದ್ದರಿಂದ ಸುಮ್ಮನಿದ್ದೆ. ಬೆಂಗಳೂರು ಮುಟ್ಟಿದಾಗ ನಿಮ್ಮ ಅವ್ವ ಗುಂಡನನ್ನು ಎತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು, ಬೆಳಿಗ್ಗೆ ಡ್ಯೂಟಿಗೂ ಹೋದಳು.

ಬೆಕ್ಕಿನ ಮರಿ ಕೇಳಿದ ಹೆಂಗಸು ಮತ್ತೆ ಬಂದರೆ ಕೊಡಿ. ಮನೆ ಎಲ್ಲಿ ಎಂದು ಮಾತ್ರ ಕೇಳಿಟ್ಟುಕೊಳ್ಳಿ. ಒಂದು ದಿನ ಹೇಳದೆ ಹೋಗಿ ಬರೋಣ. ನೀವು ಓದಿದ ಮೇಲೆ ಈ ಹಾಳೆಗಳನ್ನು ಆ ಕಾಲದ ಜೀನ್ಸ್ ತುಂಡಿನಲ್ಲಿ ನಾನೇ ಹೊಲಿದ ಚೀಲದೊಳಗೆ, ಟ್ರಂಕಿನ ತಳದಲ್ಲಿ ಇಡುತ್ತೇನೆ. ಬಣ್ಣ ಕಾಗದಕ್ಕೆ ಹತ್ತಿದರೂ ಅಕ್ಷರ ಓದಲು ಬರುತ್ತದೆ. ಮನೆ ಬದಲಿಸುವಾಗ ಹಳೆ ಬಟ್ಟೆ ಎಂದುಕೊಂಡು ಯಾರಿಗೂ ಹಾಕಿಬಿಡಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ.